ಜಯನಗರದ ನೆಲ, ರಾಜಾಜಿನಗರದ ಸೂರು

1638ರಲ್ಲಿ ಬಿಜಾಪುರದ ಸೈನ್ಯವು ಬೆಂಗಳೂರನ್ನು ಗೆದ್ದುಕೊಂಡಾಗ ಕೆಂಪೇಗೌಡರ ವಂಶಜರು ಮಾಗಡಿಗೆ ಸರಿದು ಅಲ್ಲಿಂದ ರಾಜ್ಯವಾಳಿದರು. ಇಂದಿನ ಪ್ರಯಾಣ ಅದಕ್ಕೆ ವಿರುದ್ಧ ದಿಕ್ಕಿನದು. ಮಕ್ಕಳ ವಿದ್ಯಾಭ್ಯಾಸಕ್ಕೆಂದೋ ಉದ್ಯೋಗಕ್ಕೆಂದೋ ಕಲ್ಯ, ಮಾಗಡಿಗಳ ಕಡೆಯಿಂದ ಹೊರಟ ಸಂಸಾರವನ್ನು ಮಾಗಡಿ ರಸ್ತೆಯು ರಾಜಾಜಿನಗರದ ಅಂಚಿಗೆ ತಂದು ಬಿಡುತ್ತದೆ. ಮನಸ್ಸು ಮಾತ್ರ ಜಯನಗರದ ಸಾಲುಮರಗಳ ಕಡೆಗೆ ಹರಿಯುವುದುಂಟು.

ಎರಡು ಬಡಾವಣೆಗಳೂ ಸರಿಸುಮಾರು ಒಂದೇ ವಯಸ್ಸಿನವು. 1948ರಲ್ಲಿ ಜಯನಗರಕ್ಕೆ, 1949ರಲ್ಲಿ ರಾಜಾಜಿನಗರಕ್ಕೆ ಆರಂಭ. ಆದರೆ ಉದ್ದೇಶ ಒಂದೇ ಆಗಿರಲಿಲ್ಲ. ರಾಜಾಜಿನಗರವು ಕೈಗಾರಿಕೆಗಳನ್ನೂ ಕಾರ್ಮಿಕರ ವಸತಿಯನ್ನೂ ಗಮನದಲ್ಲಿಟ್ಟುಕೊಂಡು ಬೆಳೆದುದು. ಜಯನಗರವು ಉದ್ಯಾನಗಳು, ಅಗಲವಾದ ಬೀದಿಗಳು ಕೂಡಿದ ವಾಸದ ಊರು. ಅಂದಿನ ಆ ಅಂತರವೇ ಇಂದಿನ ಬೆಲೆಯಲ್ಲಿಯೂ ಉಸಿರಾಡುತ್ತಿದೆ.

ಜಯನಗರದಲ್ಲಿ ಹಳೆಯ ಮನೆಯೊಂದು ಮಾರಾಟಕ್ಕೆ ಬಂದರೆ ಕೊಳ್ಳುವವನು ಹೊಸ್ತಿಲು ದಾಟುವ ಮುನ್ನವೇ ನಿವೇಶನದ ಅಳತೆ ಕೇಳುತ್ತಾನೆ. ತೇಗದ ಬಾಗಿಲು, ಕೆಂಪು ಗಾರೆಯ ನೆಲ, ಯಾವುದಕ್ಕೂ ಬೆಲೆಯಿಲ್ಲ. ನಲವತ್ತು ಅರವತ್ತರ ನಿವೇಶನವಾದರೆ 2400 ಚದರಡಿ. ಮನೆ ಕೆಡವಿ ಅಂತಸ್ತಿಗೊಂದು ಫ್ಲ್ಯಾಟು ಏಳಿಸಬಹುದು. ಫ್ಲ್ಯಾಟು ಕೊಂಡವನಿಗೆ ದಕ್ಕುವುದು ಆ ನೆಲದಲ್ಲೊಂದು ಅವಿಭಜಿತ ಪಾಲು ಮಾತ್ರ. ಆದರೂ ಅವನು ತೆರುವ ಹಣದಲ್ಲಿ ದೊಡ್ಡ ಭಾಗ ನೆಲದ್ದೇ.

ರಾಜಾಜಿನಗರದ ಕಿರಿಯ ನಿವೇಶನಗಳಲ್ಲಿ ವ್ಯವಹಾರದ ರೀತಿಯೇ ಬೇರೆ. ಮಾಲೀಕನು ಒಂದು ಅಂತಸ್ತಿನಲ್ಲಿ ತಾನಿದ್ದು, ಉಳಿದುದನ್ನು ಬಾಡಿಗೆಗೋ ಭೋಗ್ಯಕ್ಕೋ ಕೊಡುತ್ತಾನೆ. ಇಲ್ಲಿ ವ್ಯಾಪಾರ ಸೂರಿನದು. ಗಾಳಿ ಬೆಳಕು ತುಸು ಕಡಮೆಯಾದೀತು, ನೀರಿನ ವಿಷಯದಲ್ಲಿ ಮಾಲೀಕರೊಡನೆ ಮಾತು ಬೆಳೆದೀತು. ಆದರೂ ಸಂಬಳದ ಸಂಸಾರಕ್ಕೆ ಬಾಗಿಲು ತೆರೆಯುವುದು ಇಲ್ಲಿಯೇ. ಮೆಟ್ರೋ ರೈಲು ಕೂಡ ರಾಜಾಜಿನಗರಕ್ಕೆ 2014ರಲ್ಲಿಯೇ ಬಂತು; ಜಯನಗರವು 2017ರವರೆಗೆ ಕಾದಿತು! ನೆಲೆಸುವುದೇ ಗುರಿಯಾದವರು ಜಯನಗರದ ಹೆಸರಿಗಾಗಿ ಸಾಲ ಹೊರುವುದು ಜಾಣತನವೆಂದು ನನಗೆ ತೋರದು.

ಭೋಗ್ಯದ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು. ದೊಡ್ಡ ಮೊತ್ತವನ್ನು ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸಿಸಿ, ಬಿಡುವಾಗ ಹಣವನ್ನು ಹಿಂದಕ್ಕೆ ಪಡೆಯುವ ಈ ಏರ್ಪಾಟು ಊರಿನ ಜಮೀನು ಮಾರಿ ಬಂದವರಿಗೆ ಬಲು ಆಕರ್ಷಕ. ಮನೆ ಅದಕ್ಕೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು, ಮಾಲೀಕನು ಸಾಲ ತೀರಿಸದೆ ಹೋದರೆ ಬ್ಯಾಂಕಿನ ಹಕ್ಕೇ ಮುಂದು. ಭೋಗ್ಯದಾರನ ಗಂಟು ಕೈಬಿಟ್ಟುಹೋದೀತು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ಕಾಯಿದೆಯಂತೆ ನೋಂದಾಯಿಸಲೇಬೇಕು. ಆ ಖರ್ಚಿಗೆ ಹಿಂಜರಿದು ಹನ್ನೊಂದು ತಿಂಗಳ ಕರಾರು ಬರೆದುಕೊಳ್ಳುವವರೇ ಹೆಚ್ಚು. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರವನ್ನು ತೆಗೆಸಿ ಓದಿದ ಮೇಲೆಯೇ ಮುಂಗಡದ ಹಣವನ್ನು ಎಣಿಸತಕ್ಕದ್ದು.