ಸೋಂಕಿನ ಕಾಲದ ಎಳೆಯ ಮನಸ್ಸು: ತಪ್ಪು ಕಲ್ಪನೆ ಮತ್ತು ಸತ್ಯ

ಉತ್ತರ ಬೆಂಗಳೂರಿನ ಅಬ್ಬಿಗೆರೆ, ಕಮ್ಮಗೊಂಡನಹಳ್ಳಿ, ಶೆಟ್ಟಿಹಳ್ಳಿಗಳಂಥ ಬಡಾವಣೆಗಳಲ್ಲಿ ಪೀಣ್ಯ ಮತ್ತು ಜಾಲಹಳ್ಳಿ ಸುತ್ತಿನ ಕಾರ್ಖಾನೆಗಳ ದುಡಿಮೆಯನ್ನು ನೆಚ್ಚಿಕೊಂಡ ಕುಟುಂಬಗಳು ಬಹಳ, ಅವುಗಳಲ್ಲಿ ಬಾಡಿಗೆ ಮನೆಯ ಒಂದೆರಡು ಕೋಣೆಗಳಲ್ಲೇ ಬಾಳುವವೂ ಕಡಿಮೆಯಿಲ್ಲ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಗೆ ಬಂದಾಗ ದುಡಿಮೆ ನಿಂತ ಹಿರಿಯರೂ ಓದು ನಿಂತ ಕಿರಿಯರೂ ಒಂದೇ ಸೂರಿನಡಿ ಹಗಲಿರುಳು ಕಳೆಯಬೇಕಾಯಿತು. ಆ ದಿನಗಳಲ್ಲಿ ಹರೆಯದವರಲ್ಲಿ ಕಾಣಿಸಿಕೊಂಡ ಸಿಡುಕು, ಮೌನ, ನಿದ್ದೆಗೇಡು, ಓದಿನ ಮೇಲಿನ ನಿರಾಸಕ್ತಿಗಳಿಗೆ ಮನೆಮಂದಿ ತಮಗೆ ತೋಚಿದ ಅರ್ಥ ಕೊಟ್ಟರು, ಆ ಅರ್ಥಗಳೇ ಈಗ ಗಟ್ಟಿಯಾದ ನಂಬಿಕೆಗಳಾಗಿ ಉಳಿದಿವೆ. ಅವುಗಳಲ್ಲಿ ಹೆಚ್ಚಿನವುಗಳ ಬುಡದಲ್ಲಿರುವ ದೋಷವೆಂದರೆ ಪರಿಸ್ಥಿತಿಯಿಂದ ಹುಟ್ಟಿದ ಸಂಕಟವನ್ನು ಎಳೆಯರ ಸ್ವಭಾವದ ಕುಂದೆಂದು ಎಣಿಸಿದ್ದು.

ಕಲ್ಪನೆ: ರೋಗದ ಪೆಟ್ಟು ಬಿದ್ದದ್ದು ಹಿರಿಯರಿಗೆ, ಮಕ್ಕಳಿಗೆ ಸಿಕ್ಕಿದ್ದು ರಜೆ

ಕೊರೊನಾ ಸೋಂಕು ವಯಸ್ಸಾದವರ ಜೀವಕ್ಕೆ ಹೆಚ್ಚು ಅಪಾಯ ತಂದದ್ದು ನಿಜ. ಮನಸ್ಸಿನ ಮೇಲಾದ ಪರಿಣಾಮ ಮಾತ್ರ ವಯಸ್ಸಿನ ಲೆಕ್ಕದಲ್ಲಿ ಇದಕ್ಕೆ ತದ್ವಿರುದ್ಧವಾಗಿತ್ತು. 204 ದೇಶ ಮತ್ತು ಪ್ರಾಂತ್ಯಗಳನ್ನು ಒಳಗೊಂಡು 2021ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, 2020ರಲ್ಲಿ ಜಗತ್ತಿನಾದ್ಯಂತ ತೀವ್ರ ಖಿನ್ನತೆಯ ಸುಮಾರು 5.3 ಕೋಟಿ ಮತ್ತು ಆತಂಕದ ಕಾಯಿಲೆಯ ಸುಮಾರು 7.6 ಕೋಟಿ ಹೆಚ್ಚುವರಿ ಪ್ರಕರಣಗಳು ಉಂಟಾದವೆಂದು ಅಂದಾಜಿಸಿ, ಈ ಏರಿಕೆ ಹಿರಿಯರಿಗಿಂತ ಕಿರಿಯರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚೆಂದು ತೋರಿಸಿತು. ಖಿನ್ನತೆಯೆಂದರೆ ಎರಡು ವಾರಕ್ಕೂ ಮೀರಿ ಬಿಡದೆ ಕಾಡುವ ದುಗುಡ ಅಥವಾ ಯಾವುದರಲ್ಲೂ ರುಚಿಯಿಲ್ಲದ ಸ್ಥಿತಿಯು ನಿದ್ದೆ, ಊಟ, ಗಮನ, ಆತ್ಮವಿಶ್ವಾಸಗಳನ್ನು ಕೆಡಿಸಿ ನಿತ್ಯದ ಕೆಲಸಕ್ಕೆ ಅಡ್ಡಿಯಾಗುವುದು. ಹರೆಯದವರಲ್ಲಿ ಅದು ಅಳುವಿನ ರೂಪಕ್ಕಿಂತ ಸಿಡುಕಿನ ರೂಪದಲ್ಲಿ ತೋರುವುದುಂಟು, ಆದುದರಿಂದಲೇ ‘ಕೊಬ್ಬು’ ಎಂಬ ಬೈಗುಳಕ್ಕೆ ಬೇಗ ಗುರಿಯಾಗುತ್ತದೆ.

ಕಿರಿಯರು ಹೆಚ್ಚು ನಲುಗಿದ್ದಕ್ಕೆ ಕಾರಣ ಆ ವಯಸ್ಸಿನ ಬೆಳವಣಿಗೆಯಲ್ಲೇ ಇದೆ. ಹರೆಯದಲ್ಲಿ ಮನಸ್ಸು ಮನೆಯಿಂದ ಓರಗೆಯವರ ಕಡೆಗೆ ಹೊರಳುತ್ತದೆ. ತಾನು ಯಾರೆಂಬುದನ್ನು ಹುಡುಗ ಹುಡುಗಿಯರು ಗೆಳೆಯರ ನಡುವೆ, ಆಟದ ಬಯಲಿನಲ್ಲಿ, ಬಸ್‌ ಸ್ಟಾಪಿನ ಹರಟೆಯಲ್ಲಿ ಕಂಡುಕೊಳ್ಳುತ್ತಾರೆ. ಆ ಎಲ್ಲ ಎಡೆಗಳೂ ಏಕಕಾಲದಲ್ಲಿ ಮುಚ್ಚಿದವು. ಕರ್ನಾಟಕದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ತರಗತಿಗಳು ಹತ್ತನೆಯ ಹಾಗೂ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ 2021ರ ಜನವರಿ 1ರಂದು ತೆರೆದು, ಸೋಂಕಿನ ಎರಡನೆಯ ಅಲೆಯಲ್ಲಿ ಮತ್ತೆ ಮುಚ್ಚಿದವು. ಒಂದರಿಂದ ಐದನೆಯ ತರಗತಿಯವರು ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಪರೀಕ್ಷೆಗಳ ಅನಿಶ್ಚಿತತೆಯೂ ಸಣ್ಣದಾಗಿರಲಿಲ್ಲ. 2020ರ ಜೂನ್ ಕೊನೆಯಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಸೋಂಕಿನ ಭಯದ ನಡುವೆಯೇ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೊರಟರು. ಮರುವರ್ಷ ಅದೇ ಪರೀಕ್ಷೆ ಜುಲೈ 19 ಮತ್ತು 22ರಂದು ಬಹುಆಯ್ಕೆ ಪ್ರಶ್ನೆಗಳ ರೂಪ ತಾಳಿತು, ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಬರೆಯಬೇಕೋ ಬೇಡವೋ, ಬರೆದರೆ ಯಾವಾಗ ಎಂಬುದು ತಿಂಗಳುಗಟ್ಟಲೆ ತಿಳಿಯದ ಸ್ಥಿತಿಯನ್ನು ರಜೆಯೆಂದು ಕರೆಯುವುದು ಅನ್ಯಾಯವೇ ಸರಿ.

ಕಲ್ಪನೆ: ಎಲ್ಲವನ್ನೂ ಕೆಡಿಸಿದ್ದು ಮೊಬೈಲು

ಈ ದೂರನ್ನು ಅಬ್ಬಿಗೆರೆಯಷ್ಟೇ ಅಲ್ಲ, ನಾಡಿನ ಯಾವ ಮನೆಯಲ್ಲಾದರೂ ಕೇಳಬಹುದು. ಇದರಲ್ಲಿ ಒಂದು ಪಾಲು ಹುರುಳಿದೆ: ತಡರಾತ್ರಿಯವರೆಗಿನ ಆಟ, ನಿದ್ದೆಯ ನಷ್ಟ, ಬಿಡಲಾಗದ ಗೀಳು ನಿಜವಾದ ತೊಂದರೆಗಳು, ಮತ್ತು ಇವುಗಳಿಗಾಗಿಯೇ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2014ರಷ್ಟು ಹಿಂದೆಯೇ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆ ನೆರವಾಗುವ ‘ಶಟ್’ ಚಿಕಿತ್ಸಾಲಯವನ್ನು ಆರಂಭಿಸಿತ್ತು. ಆದರೆ ಮೊಬೈಲನ್ನು ಏಕೈಕ ಅಪರಾಧಿಯಾಗಿ ನಿಲ್ಲಿಸುವ ವಾದಕ್ಕೆ ಪುರಾವೆ ಸಾಲದು. ಬ್ರಿಟನ್ ಮತ್ತು ಅಮೆರಿಕದ 3.5 ಲಕ್ಷಕ್ಕೂ ಹೆಚ್ಚು ಹರೆಯದವರ ಮಾಹಿತಿಯನ್ನು ವಿಶ್ಲೇಷಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅವರ ಮನೋನೆಮ್ಮದಿಯಲ್ಲಿ ಕಂಡ ವ್ಯತ್ಯಾಸಗಳಲ್ಲಿ ಡಿಜಿಟಲ್ ಬಳಕೆಯಿಂದ ವಿವರಿಸಬಹುದಾದದ್ದು ಹೆಚ್ಚೆಂದರೆ ಶೇ 0.4ರಷ್ಟು ಮಾತ್ರ. ಅದೂ ಅಲ್ಲದೆ ಕಾರಣ ಯಾವುದು, ಪರಿಣಾಮ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಮನಸ್ಸು ಕುಸಿದವರು ಮೊಬೈಲಿನೊಳಗೆ ಅಡಗಿಕೊಳ್ಳುವುದೂ ಅಷ್ಟೇ ಸಾಧ್ಯ.

ಮೇಲಾಗಿ, ಆ ಕಾಲದಲ್ಲಿ ಮೊಬೈಲೇ ತರಗತಿಯಾಗಿತ್ತು. ಅದು ಇಲ್ಲದ ಮಕ್ಕಳಿಗಾಗಿ ಸರ್ಕಾರವು 2020ರ ಜುಲೈನಿಂದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳನ್ನು ಬಿತ್ತರಿಸಿತು. ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಕಲಿಸುವ ‘ವಿದ್ಯಾಗಮ’ ಆಗಸ್ಟ್‌ನಲ್ಲಿ ಶುರುವಾಗಿ ಅಕ್ಟೋಬರ್‌ನಲ್ಲಿ ನಿಂತಿತು. ಮನೆಗೊಂದೇ ಮೊಬೈಲು ಇದ್ದು ಅದನ್ನು ಅಪ್ಪ ಕೆಲಸಕ್ಕೆ ಒಯ್ಯುವ ಕುಟುಂಬದಲ್ಲಿ, ಪಾಠ ತಪ್ಪಿಸಿಕೊಂಡ ಹುಡುಗಿಯನ್ನು ಕಾಡಿದ್ದು ಮೊಬೈಲಿನ ಅತಿಬಳಕೆಯಲ್ಲ, ಅದರ ಅಭಾವ.

ಕಲ್ಪನೆ: ಮಕ್ಕಳಿಗೆ ಸಾವು ಅರ್ಥವಾಗದು, ಅವರಿಂದ ಮುಚ್ಚಿಡುವುದೇ ಲೇಸು

2021ರ ಏಪ್ರಿಲ್–ಮೇ ತಿಂಗಳ ಎರಡನೆಯ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದ್ದಾಗ, ಅನೇಕ ಮನೆಗಳಿಗೆ ಸತ್ತವರ ದೇಹವೂ ಬರಲಿಲ್ಲ, ಹನ್ನೊಂದನೆಯ ದಿನದ ಕಾರ್ಯಕ್ಕೆ ನೆಂಟರೂ ಸೇರಲಿಲ್ಲ. ಕೊನೆಯ ದರ್ಶನ, ಜೊತೆಗೂಡಿ ಅಳುವುದು, ತಿಥಿಯ ಊಟ ಇವೆಲ್ಲ ದುಃಖಕ್ಕೆ ಒಂದು ದಾರಿ ಮಾಡಿಕೊಡುವ ಏರ್ಪಾಡುಗಳು. ಅವು ತಪ್ಪಿದಾಗ ದುಃಖ ಒಳಗೇ ಉಳಿಯುತ್ತದೆ. ಐದಾರು ವರ್ಷದ ಮಗುವಿಗೂ ಸಾವಿನ ಸುಳಿವು ಸಿಗುತ್ತದೆ, ಒಂಬತ್ತು ಹತ್ತು ವರ್ಷದ ಹೊತ್ತಿಗೆ ಸತ್ತವರು ಮರಳರೆಂಬುದು ಸಾಮಾನ್ಯವಾಗಿ ಚೆನ್ನಾಗಿಯೇ ತಿಳಿದಿರುತ್ತದೆ. ‘ಅಜ್ಜಿ ಊರಿಗೆ ಹೋಗಿದ್ದಾರೆ’ ಎಂಬ ಮಾತು ಮಗುವನ್ನು ಕಾಪಾಡುವ ಬದಲು, ತನ್ನಿಂದಲೇ ಸೋಂಕು ತಗುಲಿತೇನೋ ಎಂಬ ಅಪರಾಧಭಾವವನ್ನು ಒಬ್ಬಂಟಿಯಾಗಿ ಹೊರುವಂತೆ ಮಾಡಬಹುದು. ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳಿಗೆ ರಾಜ್ಯ ಸರ್ಕಾರವು 2021ರ ಮೇ ತಿಂಗಳಲ್ಲಿ ತಿಂಗಳಿಗೆ 3,500 ರೂಪಾಯಿಯ ‘ಬಾಲ ಸೇವಾ’ ಯೋಜನೆಯನ್ನು ಘೋಷಿಸಿತು; ಅಗತ್ಯವಾಗಿದ್ದ ಆ ಹಣದೊಡನೆ ದುಃಖವನ್ನು ಕೇಳಿಸಿಕೊಳ್ಳುವ ಕಿವಿಯೂ ಮಕ್ಕಳಿಗೆ ಬೇಕಿತ್ತು.

ಕಲ್ಪನೆ: ಇಡೀ ಒಂದು ತಲೆಮಾರೇ ಖಿನ್ನತೆಗೆ ಬಿತ್ತು

ಇದು ಎದುರು ದಿಕ್ಕಿನ ಅತಿರೇಕ. ಹಲವು ದೇಶಗಳ 29 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಸುಮಾರು ನಾಲ್ವರು ಎಳೆಯರಲ್ಲಿ ಒಬ್ಬರಿಗೆ ಖಿನ್ನತೆಯ, ಐವರಲ್ಲಿ ಒಬ್ಬರಿಗೆ ಆತಂಕದ ಲಕ್ಷಣಗಳು ಹೆಚ್ಚಿನ ಮಟ್ಟದಲ್ಲಿ ಕಂಡುಬಂದವು. ಇವು ಪ್ರಶ್ನಾವಳಿಯಿಂದ ಗುರುತಿಸಿದ ಲಕ್ಷಣಗಳೇ ಹೊರತು ವೈದ್ಯರು ಪರೀಕ್ಷಿಸಿ ನಿರ್ಧರಿಸಿದ ಕಾಯಿಲೆಗಳಲ್ಲ. ಬೇಸರ, ಭಯ, ಒಂಟಿತನಗಳು ಆ ಪರಿಸ್ಥಿತಿಗೆ ಸಹಜವಾಗಿದ್ದವು, ಹೆಚ್ಚಿನವರು ಚೇತರಿಸಿಕೊಂಡರು. ಪಿಡುಗಿಗೂ ಮುನ್ನ, 2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ಕಾಯಿಲೆಯಿದೆಯೆಂದು ಹೇಳಿತ್ತು. ಸಂಕಟದ ಬೀಜಗಳನ್ನೆಲ್ಲ ಕೊರೊನಾವೇ ಬಿತ್ತಿತೆನ್ನಲೂ ಆಗದು.

ಕಲ್ಪನೆ: ಸಾಯುವ ಯೋಚನೆಯ ಬಗ್ಗೆ ಕೇಳಿದರೆ ಇಲ್ಲದ್ದನ್ನು ನೆನಪಿಸಿದಂತೆ

ಮಗ ಅಥವಾ ಮಗಳು ‘ನಾನಿದ್ದು ಏನು ಪ್ರಯೋಜನ’ ಎಂದಾಗ ಹೆತ್ತವರು ಮಾತು ತಪ್ಪಿಸುವುದು ಈ ಭಯದಿಂದಲೇ. ನ್ಯೂಯಾರ್ಕ್ ರಾಜ್ಯದ 2,300ಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಪ್ರಶ್ನೆ ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಲಿಲ್ಲ. ಮೊದಲೇ ಖಿನ್ನರಾಗಿದ್ದವರ ಸಂಕಟ ಬದಲಿಗೆ ಕಡಿಮೆಯಾಗಿತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳ ಸಂಖ್ಯೆ 2019ರಲ್ಲಿ 10,335 ಇದ್ದದ್ದು 2020ರಲ್ಲಿ 12,526ಕ್ಕೆ, 2021ರಲ್ಲಿ 13,089ಕ್ಕೆ ಏರಿತು. ಇಂಥ ಸಾವಿಗೆ ಪರೀಕ್ಷೆ, ಬೈಗುಳ, ಪ್ರೇಮ ಎಂದು ಒಂದೇ ಕಾರಣ ಹಚ್ಚುವುದು ತಪ್ಪು. ಹಲವು ಸಂಕಟಗಳು ಕೂಡಿಕೊಂಡಾಗ ದಾರಿ ಕಾಣದಂತಾಗುತ್ತದೆ, ಆ ಹೊತ್ತಿನಲ್ಲಿ ಒಬ್ಬರು ಜೊತೆಗಿದ್ದು ಕೇಳಿದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ, ಶಿಕ್ಷೆಯ ಬದಲು ಆರೈಕೆ ಕೊಡಬೇಕೆನ್ನುತ್ತದೆ.

ಕಲ್ಪನೆ: ನಿಮ್ಹಾನ್ಸ್‌ಗೆ ಹೋದರೆ ‘ಹುಚ್ಚು’ ಎಂಬ ಹೆಸರು, ಮಾತ್ರೆ ಹಿಡಿದರೆ ಚಟ

ಯುನಿಸೆಫ್‌ನ 2021ರ ವರದಿಯಲ್ಲಿ, ಮಾನಸಿಕ ತೊಂದರೆಗೆ ಇತರರ ನೆರವು ಪಡೆಯುವುದು ಒಳ್ಳೆಯದೆಂದ 15ರಿಂದ 24 ವರ್ಷದ ಭಾರತೀಯರು ಶೇ 41 ಮಾತ್ರ. 21 ದೇಶಗಳ ಸರಾಸರಿ ಶೇ 83. ಈ ಅಂತರದ ಹಿಂದಿರುವುದು ಮುಖ್ಯವಾಗಿ ನಾಲ್ಕು ಜನರ ಮಾತಿನ ಅಂಜಿಕೆ. ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡುವುದು ಮೇಲಿನ ಕಾಯ್ದೆಯಡಿ ರೋಗಿಯ ಹಕ್ಕು. ಸೌಮ್ಯ ಖಿನ್ನತೆ, ಆತಂಕಗಳಿಗೆ ಹರೆಯದವರಲ್ಲಿ ಮೊದಲು ಕೊಡುವುದು ಸಾಮಾನ್ಯವಾಗಿ ಆಪ್ತಸಮಾಲೋಚನೆ, ಅಂದರೆ ತರಬೇತಿ ಪಡೆದವರೊಡನೆ ಮಾತಾಡುತ್ತ ಯೋಚನೆ ಮತ್ತು ನಡವಳಿಕೆಯ ಜಾಡನ್ನು ಬದಲಿಸಿಕೊಳ್ಳುವ ಕ್ರಮ. ಮಾತ್ರೆ ಬೇಕಾದಾಗಲೂ ಖಿನ್ನತೆಯ ಔಷಧಗಳು ಮದ್ಯದಂತೆ ಚಟ ಹಿಡಿಸುವುದಿಲ್ಲ, ಆದರೆ ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ‘ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ’ ಎಂಬುದು ಚಿಕಿತ್ಸೆಯಲ್ಲ. ಅದು ಇನ್ನೊಂದು ಎಳೆಯ ಜೀವವನ್ನೂ ಸಂಕಟಕ್ಕೆ ಎಳೆಯುವ ಕೆಲಸ.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ಸಾರಿದರೂ, ಪಿಡುಗಿನ ಕಾಲದಲ್ಲಿ ಹೈಸ್ಕೂಲಿನಲ್ಲಿದ್ದವರು ಇಂದು ಕಾಲೇಜು, ಕಾರ್ಖಾನೆ, ಕಚೇರಿಗಳಲ್ಲಿದ್ದು ಅವರಲ್ಲಿ ಕೆಲವರ ಸಂಕಟ ಇನ್ನೂ ಮುಗಿದಿಲ್ಲ. ನೆರವಿಗಾಗಿ ಅಬ್ಬಿಗೆರೆಯವರು ಹೊಸೂರು ರಸ್ತೆಯ ನಿಮ್ಹಾನ್ಸ್‌ವರೆಗೆ ಹೋಗಲೇಬೇಕೆಂದಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುಂದಾಳತ್ವದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.