ಕ್ರಿಸ್‌ಮಸ್ ಹಬ್ಬ: ಮೊಮ್ಮಗುವಿನ ಕೈಗೂ ಒಂದು ಕೆಲಸ



ಹಬ್ಬವನ್ನು ಉಳಿಸುವವರು ಯಾರು? ಕ್ಯಾಲೆಂಡರೇ? ಅಲ್ಲ. ಕ್ಯಾಲೆಂಡರು ಹಬ್ಬದ ದಿನವನ್ನು ಮಾತ್ರ ಹೇಳುತ್ತದೆ. ಹಬ್ಬ ಮಾಡುವುದು ಹೇಗೆ ಅಂತ ಹೇಳಿಕೊಡುವವರು ಮನೆಯ ಹಿರಿಯರು. ಅದರಲ್ಲೂ ಅಜ್ಜಿಯರು.

ಈ ಪಾಠ ಕ್ರಿಸ್‌ಮಸ್ ಹಬ್ಬದ ಬಗ್ಗೆ. ಅಜ್ಜಿ ಮತ್ತು ಪುಟ್ಟ ಮೊಮ್ಮಗು ಸೇರಿ ಈ ಹಬ್ಬ ಮಾಡುವುದು ಹೇಗೆ ಅಂತ ನೋಡೋಣ. ನಿಮ್ಮ ಮನೆಯಲ್ಲಿ ಕ್ರಿಸ್‌ಮಸ್ ಇಲ್ಲದೆ ಇರಬಹುದು. ಯುಗಾದಿ ಇರಬಹುದು, ರಂಜಾನ್ ಇರಬಹುದು. ಆದರೂ ಓದಿ. ಇಲ್ಲಿನ ಮಾತು ನಿಮ್ಮ ಹಬ್ಬಕ್ಕೂ ಸಲ್ಲುತ್ತದೆ.

ಕ್ರಿಸ್‌ಮಸ್ ಅಂದರೇನು?

ಡಿಸೆಂಬರ್ 25 ಯೇಸುಸ್ವಾಮಿ ಹುಟ್ಟಿದ ಹಬ್ಬ. ಬೆತ್ಲೆಹೇಮ್ ಎಂಬ ಊರಿನಲ್ಲಿ ಯೇಸು ಹುಟ್ಟಿದರು. ತಂಗಲು ಛತ್ರದಲ್ಲಿ ಜಾಗ ಸಿಗಲಿಲ್ಲ. ತಾಯಿ ಮರಿಯಮ್ಮ ಕೂಸನ್ನು ಬಟ್ಟೆಯಲ್ಲಿ ಸುತ್ತಿ ದನಗಳಿಗೆ ಮೇವು ಹಾಕುವ ಜಾಗದಲ್ಲಿ ಮಲಗಿಸಿದರು. ಅದೇ ಗೋದಲಿ.

ಹಬ್ಬದ ಸಿದ್ಧತೆ ನಾಲ್ಕು ಭಾನುವಾರ ಮೊದಲೇ ಶುರುವಾಗುತ್ತದೆ. ಮನೆ ಮುಂದೆ ನಕ್ಷತ್ರ ತೂಗು ಹಾಕ್ತಾರೆ. ಇಗರ್ಜಿಯಲ್ಲೂ ಮನೆಯಲ್ಲೂ ಗೋದಲಿ ಕಟ್ಟುತ್ತಾರೆ. 24ರ ರಾತ್ರಿ ಇಗರ್ಜಿಯಲ್ಲಿ ಪೂಜೆ ಇರುತ್ತದೆ.

ಗೋದಲಿ ಕಟ್ಟುವುದಕ್ಕೆ ಒಂದು ಕತೆ ಇದೆ. ಇಟಲಿ ದೇಶದಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಎಂಬ ಸಂತರಿದ್ದರು. ಕೂಸು ಯೇಸು ಪಟ್ಟ ಕಷ್ಟವನ್ನು ಕಣ್ಣಾರೆ ಕಾಣಬೇಕು ಅಂತ ಅವರಿಗೆ ಆಸೆ. 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಅವರು ಒಂದು ಗೋದಲಿ ಮಾಡಿಸಿದರು. ಅದರಲ್ಲಿ ನಿಜವಾದ ಹುಲ್ಲು ಇತ್ತು. ನಿಜವಾದ ಎತ್ತು, ಕತ್ತೆ ಇದ್ದವು. ಊರಿನ ಜನ ದೀವಟಿಗೆ ಹಿಡಿದು ಬಂದು ನೋಡಿದರು. ನೋಡಿ, ಪುಸ್ತಕ ಓದಲು ಬಾರದವರಿಗೂ ಕತೆ ತಿಳಿಯಿತು. ಈಗ ಅದಕ್ಕೆ 800 ವರ್ಷ ದಾಟಿದೆ.

ಮಂಗಳೂರು, ಉಡುಪಿ ಕಡೆ ಈ ಹಬ್ಬಕ್ಕೆ ತಿಂಡಿಗಳ ಒಂದು ಗುಂಪೇ ಇದೆ. ಅದಕ್ಕೆ ಕುಸ್ವಾರ್ ಅಂತ ಹೆಸರು. ನೆವ್ರಿ, ಕಿಡ್ಯೊ, ಗುಳಿಯೊ, ಚಕ್ಕುಲಿ, ಅಚ್ಚಿನಲ್ಲಿ ಮಾಡುವ ರೋಸ್ ಕುಕ್ಕೀಸ್, ಕೇಕ್. ಹೀಗೆ ಹಲವು.

ಮಗು ನೋಡಿದರೆ ಸಾಕಾ?

ಹಿಂದೆ ಕುಸ್ವಾರ್ ಮಾಡುವಾಗ ಮನೆ ತುಂಬ ಜನ. ದೊಡ್ಡಮ್ಮ, ಚಿಕ್ಕಮ್ಮ, ಅಕ್ಕಪಕ್ಕದ ಹೆಂಗಸರು, ಹತ್ತಾರು ಮಕ್ಕಳು. ಮಕ್ಕಳಿಗೆ ಯಾರೂ ಪಾಠ ಮಾಡಲಿಲ್ಲ. ಅವರು ನಡುವೆ ಕೂತು ಕಲಿತರು.

ಈಗ ಹಾಗಿಲ್ಲ. ಮಗ ಬೆಂಗಳೂರಿನಲ್ಲಿ. ಮಗಳು ಮುಂಬಯಿಯಲ್ಲಿ ಅಥವಾ ಗಲ್ಫ್‌ನಲ್ಲಿ. ಮೊಮ್ಮಗು ಬರುವುದು 23ಕ್ಕೆ, ಹೋಗುವುದು 27ಕ್ಕೆ. ಕುಸ್ವಾರ್ ಬೇಕರಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗ್ತದೆ. ಕೊಂಡು ತಂದರೆ ತಪ್ಪೇನೂ ಇಲ್ಲ. ಆದರೆ ಎಲ್ಲವನ್ನೂ ಕೊಂಡು ತಂದರೆ ಮಗು ಏನು ಮಾಡಬೇಕು? ಟಿವಿ ನೋಡಿದ ಹಾಗೆ ಹಬ್ಬವನ್ನು ನೋಡಿ ಹೋಗುತ್ತದೆ. ಇಪ್ಪತ್ತು ವರ್ಷ ಕಳೆದ ಮೇಲೆ ಅಜ್ಜಿ ಇರುವುದಿಲ್ಲ. ಅಜ್ಜಿಯ ಕೈಯಲ್ಲಿದ್ದ ವಿದ್ಯೆಯೂ ಇರುವುದಿಲ್ಲ.

ಕಣ್ಣು ನೋಡಿದ್ದು ಮರೆತುಹೋಗುತ್ತದೆ. ಕೈ ಮಾಡಿದ್ದು ಉಳಿಯುತ್ತದೆ.

ಇದಕ್ಕೆ ನಮ್ಮ ಊರಲ್ಲೇ ಸಾಕ್ಷಿ ಇದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬ ನಿಮಗೆ ಗೊತ್ತಲ್ಲ? ಅದು ಮರಿಯಮ್ಮನವರ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತುಂಬಿಕೊಂಡು ಇಗರ್ಜಿಗೆ ಹೋಗ್ತಾರೆ. ಮರಿಯಮ್ಮನವರಿಗೆ ಹೂವು ಹಾಕ್ತಾರೆ. ಹೂವು ಹಾಕುವ ಕೆಲಸ ಮಕ್ಕಳದ್ದು. ಅದಕ್ಕೇ ಮುದುಕರಾದವರಿಗೂ ಆ ಹಬ್ಬದ ನೆನಪು ಹಸಿರಾಗಿದೆ.

ಹಾಗಾದರೆ ಕ್ರಿಸ್‌ಮಸ್‌ಗೂ ಮಗುವಿಗೆ ಒಂದು ಕೆಲಸ ಕೊಡಿ. ಮೂರು ಮಾತು ನೆನಪಿಡಿ.

ಒಂದು, ಆ ಕೆಲಸ ಮಗುವಿನದ್ದೇ ಆಗಿರಬೇಕು. ಬೇರೆ ಯಾರೂ ಮಾಡಬಾರದು.

ಎರಡು, ಅದು ನಿಜವಾದ ಕೆಲಸ ಆಗಿರಬೇಕು. ಸುಮ್ಮನೆ ಆಟಕ್ಕೆ ಕೊಟ್ಟ ಕೆಲಸ ಮಗುವಿಗೆ ಗೊತ್ತಾಗಿಬಿಡುತ್ತದೆ.

ಮೂರು, ಪ್ರತಿ ವರ್ಷವೂ ಅದೇ ಕೆಲಸ ಕೊಡಬೇಕು. ಒಂದು ಸಲ ಮಾಡಿದರೆ ಅದು ಆಟ. ವರ್ಷ ವರ್ಷ ಮಾಡಿದರೆ ಅದು ಪದ್ಧತಿ.

ನಾಲ್ಕೈದು ವರ್ಷದ ಮಗು ಮಾಡಬಹುದಾದ ಮೂರು ಕೆಲಸ ಇಲ್ಲಿವೆ.

ಮೊದಲನೆಯ ಕೆಲಸ: ಗೋದಲಿಗೆ ಹಸಿರು ಬೆಳೆಸುವುದು

ಗೋದಲಿಯ ಮುಂದೆ ಹಸಿರು ಗದ್ದೆ ಕಾಣಬೇಕು ಅಂತ ಕೆಲವರು ರಾಗಿ ಮೊಳಕೆ ಬೆಳೆಸುತ್ತಾರೆ. ಇದು ಬಹಳ ಸುಲಭ.

ಡಿಸೆಂಬರ್ 13ರ ರಾತ್ರಿ ಒಂದು ಹಿಡಿ ರಾಗಿ ನೆನೆಹಾಕಿ. ಮರುದಿನ ಅಗಲವಾದ ಹಳೆಯ ತಟ್ಟೆಯಲ್ಲಿ ಒಂದು ಬೆರಳು ದಪ್ಪ ಮಣ್ಣು ಹರಡಿ. ಅದರ ಮೇಲೆ ಮಗು ರಾಗಿ ಉದುರಿಸಲಿ. ಮೇಲೆ ಸ್ವಲ್ಪ ಪುಡಿ ಮಣ್ಣು ಹಾಕಿ. ದಿನಾ ಬೆಳಿಗ್ಗೆ ಮಗು ಕೈಯಿಂದ ನೀರು ಚಿಮುಕಿಸಲಿ. ನೀರು ನಿಲ್ಲಬಾರದು. ನಿಂತರೆ ಕಾಳು ಕೊಳೆಯುತ್ತದೆ. ತಟ್ಟೆಯನ್ನು ಬೆಳಕು ಬರುವ ಕಡೆ ಇಡಿ.

ಕೆಲವು ದಿನಗಳಲ್ಲಿ ಮೊಳಕೆ ಕಾಣುತ್ತದೆ. 24ರ ಹೊತ್ತಿಗೆ ಎಳೆ ಹಸಿರು ಎದ್ದು ನಿಂತಿರುತ್ತದೆ. "ಅಜ್ಜಿ, ಇವತ್ತು ಎಷ್ಟು ಉದ್ದ ಆಗಿದೆ?" ಅಂತ ಮಗು ದಿನಾ ಕೇಳುತ್ತದೆ. ಹಬ್ಬಕ್ಕೆ ಇನ್ನೆಷ್ಟು ದಿನ ಅಂತ ಎಣಿಸುತ್ತದೆ. ಅದರೊಟ್ಟಿಗೇ ಲೆಕ್ಕವೂ ಬರುತ್ತದೆ, ಕಾಯುವುದೂ ಬರುತ್ತದೆ.

ಅನೇಕ ಮನೆಗಳಲ್ಲಿ ಗೋದಲಿ ಕಟ್ಟಿದರೂ ಬಾಲಯೇಸುವಿನ ಬೊಂಬೆಯನ್ನು ಮೊದಲೇ ಇಡುವುದಿಲ್ಲ. ಅದನ್ನು 24ರ ರಾತ್ರಿ ಇಡುತ್ತಾರೆ. ಹಸಿರು ಬೆಳೆಸಿದ ಮಗುವಿನ ಕೈಯಿಂದಲೇ ಬೊಂಬೆ ಇಡಿಸಿ. ಆಗ ಯೇಸು ಹುಟ್ಟಿದ ಕತೆ ಹೇಳಿ. ಉದ್ದ ಬೇಡ, ಐದು ನಿಮಿಷ ಸಾಕು. ಪ್ರತಿ ವರ್ಷ ಅದೇ ಕತೆಯನ್ನು ಹೇಳಿ. ಮೂರನೆಯ ವರ್ಷ ಮಗುವೇ ನಿಮಗೆ ಹೇಳುತ್ತದೆ.

ಜನವರಿ 6ಕ್ಕೆ ಮೂವರು ಜ್ಞಾನಿಗಳ ಹಬ್ಬ. ಪೂರ್ವ ದೇಶದಿಂದ ಅವರು ನಕ್ಷತ್ರ ನೋಡಿಕೊಂಡು ಬಂದರಂತೆ. ಅದು ಮುಗಿದ ಮೇಲೆ ಗೋದಲಿ ತೆಗೆಯಿರಿ. ಹಸಿರನ್ನು ದನಕ್ಕೋ ಕೋಳಿಗೋ ಹಾಕಿ.

ಎರಡನೆಯ ಕೆಲಸ: ಕಿಡ್ಯೊ ಒತ್ತುವುದು

ಕಿಡ್ಯೊ ಅಂದರೆ ಕೊಂಕಣಿಯಲ್ಲಿ ಹುಳುಗಳು. ತಿಂಡಿಯ ಆಕಾರ ಹುಳದ ಹಾಗೆ ಸುರುಳಿ. ಬೆಂಗಳೂರು ಕಡೆ ಇದನ್ನು ಕಲ್ಕಲ್ ಅಂತಾರೆ. ಹೆಸರು ಹೇಳಿದರೇ ಮಕ್ಕಳು ನಗುತ್ತಾರೆ.

ಬೇಕಾದದ್ದು: ಮೈದಾ ಹಿಟ್ಟು ಅರ್ಧ ಕಿಲೋ, ಬಿಸಿ ಮಾಡಿದ ತುಪ್ಪ ಎರಡು ಚಮಚ, ಒಂದು ಚಿಟಿಕೆ ಉಪ್ಪು, ಕಲಸಲು ತೆಂಗಿನಕಾಯಿ ಹಾಲು, ಕರಿಯಲು ಎಣ್ಣೆ, ಪಾಕಕ್ಕೆ ಸಕ್ಕರೆ ಒಂದು ಲೋಟ.

ಹಿಟ್ಟಿಗೆ ಉಪ್ಪು, ತುಪ್ಪ ಹಾಕಿ ಕೈಯಿಂದ ತಿಕ್ಕಿ. ತೆಂಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ. ಚಪಾತಿ ಹಿಟ್ಟಿಗಿಂತ ಗಟ್ಟಿ ಇರಲಿ. ಅರ್ಧ ಗಂಟೆ ಮುಚ್ಚಿಡಿ.

ಈಗ ಮಗುವಿನ ಕೆಲಸ. ಒಂದು ಹೊಸ ಬಾಚಣಿಗೆ ತನ್ನಿ. ತೊಳೆದು ಒರೆಸಿ. ಅದು ಈ ಕೆಲಸಕ್ಕೆ ಮಾತ್ರ ಇರಲಿ. ಕಡಲೆಕಾಯಿ ಗಾತ್ರದ ಹಿಟ್ಟಿನ ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ. ತೆಳ್ಳಗಾದ ಹಿಟ್ಟನ್ನು ಒಂದು ಕಡೆಯಿಂದ ಸುರುಳಿ ಸುತ್ತಿ. ಗೆರೆ ಗೆರೆಯ ಹುಳ ಸಿದ್ಧ. ಬಾಚಣಿಗೆ ಬದಲು ಫೋರ್ಕ್ ಕೂಡ ಆಗುತ್ತದೆ.

ಮಗು ಒತ್ತಿದ್ದು ಸೊಟ್ಟ ಆಗಬಹುದು. ಇರಲಿ. ಅದನ್ನು ಮುರಿದು ನೀವು ಮತ್ತೆ ಒತ್ತಬೇಡಿ. ಸೊಟ್ಟ ಕಿಡ್ಯೊಗೂ ರುಚಿ ಅದೇ.

ಎಚ್ಚರಿಕೆ: ಒಲೆ ಹಚ್ಚುವ ಮೊದಲೇ ಮಗುವಿನ ಕೆಲಸ ಮುಗಿಯಬೇಕು. ಮಗುವನ್ನು ಅಡುಗೆಮನೆಯಿಂದ ಹೊರಗೆ ಯಾರಾದರೂ ನೋಡಿಕೊಳ್ಳಲಿ. ನೀವೊಬ್ಬರೇ ಇದ್ದರೆ ಮಗು ಮಲಗಿದ ಮೇಲೆ ಕರಿಯಿರಿ. ಬಿಸಿ ಎಣ್ಣೆಯ ಹಾಗೆ ಬಿಸಿ ಪಾಕವೂ ಸುಡುತ್ತದೆ.

ಹದವಾದ ಉರಿಯಲ್ಲಿ ಹೊಂಬಣ್ಣ ಬರುವ ತನಕ ಕರಿಯಿರಿ. ಬೇರೆ ಪಾತ್ರೆಯಲ್ಲಿ ಸಕ್ಕರೆಗೆ ಕಾಲು ಲೋಟ ನೀರು ಹಾಕಿ ಎಳೆ ಪಾಕ ಮಾಡಿ. ಕಿಡ್ಯೊ ಹಾಕಿ ಕೈಯಾಡಿಸುತ್ತಾ ಇರಿ. ಸಕ್ಕರೆ ಬೆಳ್ಳಗೆ ಅಂಟಿಕೊಳ್ಳುತ್ತದೆ. ಆರಿದ ಮೇಲೆ ಡಬ್ಬಿಗೆ ತುಂಬಿ.

ಯಾರಿಗಾದರೂ ಸುಟ್ಟರೆ ತಕ್ಷಣ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ತುಪ್ಪ, ಬೂದಿ, ಟೂತ್‌ಪೇಸ್ಟ್ ಹಚ್ಚಬೇಡಿ. ಮಂಜುಗಡ್ಡೆಯೂ ಬೇಡ. ಬೊಬ್ಬೆ ಬಂದರೆ, ಅಥವಾ ಸುಟ್ಟದ್ದು ಮಗುವಿಗೆ ಆದರೆ, ಆಸ್ಪತ್ರೆಗೆ ಹೋಗಿ.

ಮೂರನೆಯ ಕೆಲಸ: ತಟ್ಟೆ ಕೊಂಡೊಯ್ಯುವುದು

ಕುಸ್ವಾರ್ ಮನೆಯವರಿಗೆ ಮಾತ್ರ ಅಲ್ಲ. ನೆರೆಹೊರೆಗೂ ಹಂಚುವುದು ಪದ್ಧತಿ. ತಟ್ಟೆಯಲ್ಲಿ ಎಲ್ಲ ತಿಂಡಿಯನ್ನೂ ಸ್ವಲ್ಪ ಸ್ವಲ್ಪ ಇಟ್ಟು, ಮೇಲೆ ಬಟ್ಟೆ ಮುಚ್ಚಿ, ಮಗುವಿನ ಕೈಗೆ ಕೊಡಿ. ನೀವು ಜೊತೆಗೆ ಹೋಗಿ. ಆದರೆ ತಟ್ಟೆ ಕೊಡುವುದು ಮಗುವೇ ಆಗಲಿ. "ಅಕ್ಕಾ, ನಮ್ಮ ಮನೆಯ ಹಬ್ಬದ ತಿಂಡಿ. ಈ ಕಿಡ್ಯೊ ನಾನೇ ಮಾಡಿದ್ದು" ಅಂತ ಮಗುವೇ ಹೇಳಲಿ.

ದೀಪಾವಳಿಗೆ ಅವರ ಮನೆಯಿಂದ ತಿಂಡಿ ಬಂದಿರುತ್ತದೆ. ಈದ್‌ಗೆ ಇನ್ನೊಂದು ಮನೆಯಿಂದ ಬಂದಿರುತ್ತದೆ. ಹಾಗೆ ಬಂದ ತಟ್ಟೆಗೆ ಇದು ಉತ್ತರ. ಯಾರ ಮನೆಗೆ ಹೋಗಬೇಕು, ಯಾರನ್ನು ಏನಂತ ಕರೆಯಬೇಕು ಅಂತ ಮಗು ಕಲಿಯುತ್ತದೆ. ಅಕ್ಕಪಕ್ಕದವರು ಹೊರಗಿನವರಲ್ಲ ಅಂತಲೂ ಕಲಿಯುತ್ತದೆ. ಮೊಟ್ಟೆ ತಿನ್ನದ ಮನೆಗೆ ಮೊಟ್ಟೆ ಹಾಕಿದ ತಿಂಡಿ ಕೊಡಬೇಡಿ. ಅದನ್ನೂ ಮಗುವಿಗೆ ತಿಳಿಸಿ ಹೇಳಿ.

ಮೊಮ್ಮಗು ದೂರದ ಊರಿನಲ್ಲಿದ್ದರೆ?

"ಟೀಚರ್, ನಮ್ಮ ಮೊಮ್ಮಗು ಹಬ್ಬಕ್ಕೆ ಬರುವುದೇ ಇಲ್ಲವಲ್ಲ" ಅಂತ ಕೆಲವರು ಕೇಳ್ತೀರಿ. ಅದಕ್ಕೂ ದಾರಿ ಇದೆ. ಒಂದೇ ದಿನ ಇಬ್ಬರೂ ರಾಗಿ ಹಾಕಿ. ನೀವು ಊರಲ್ಲಿ ಹಾಕಿ, ಮಗು ಅಲ್ಲಿ ಹಾಕಲಿ. ಫೋನಿನಲ್ಲಿ ಮುಖ ನೋಡಿ ಮಾತಾಡುವಾಗ ಇಬ್ಬರ ತಟ್ಟೆಯನ್ನೂ ತೋರಿಸಿ. ಯಾರದ್ದು ಮೊದಲು ಮೊಳೆಯಿತು? 24ರ ರಾತ್ರಿ ಕತೆಯನ್ನು ಫೋನಿನಲ್ಲೇ ಹೇಳಿ. ಮಗು ಮುಂದಿನ ವರ್ಷ ಬಂದಾಗ ಹೊಸಬರ ಹಾಗೆ ನಿಲ್ಲುವುದಿಲ್ಲ. ನೇರವಾಗಿ ಬಂದು ತನ್ನ ತಟ್ಟೆಯನ್ನು ಕೇಳುತ್ತದೆ.

ಸಾಲ ಬೇಡ

ಹಬ್ಬ ಅಂದರೆ ಹೊಸ ಬಟ್ಟೆ, ದೊಡ್ಡ ಕೇಕ್, ಬೆಲೆಬಾಳುವ ಆಟದ ಸಾಮಾನು ಅಂತ ಎಣಿಸಬೇಡಿ. ಕ್ರಿಸ್‌ಮಸ್ ತಾತ ಏನು ತಂದ ಅಂತ ಮಗು ಕೇಳಬಹುದು. ನಿಮ್ಮ ಕೈಗೆ ಎಟುಕುವ ಒಂದು ಚಿಕ್ಕ ವಸ್ತು ಸಾಕು. ಸಾಲ ಮಾಡಿ ಉಡುಗೊರೆ ಕೊಟ್ಟರೆ ಹಬ್ಬ ಒಂದು ದಿನ, ಬಡ್ಡಿ ವರ್ಷವಿಡೀ. ಒಂದು ಹಿಡಿ ರಾಗಿ, ಒಂದು ಬಾಚಣಿಗೆ, ಒಂದು ತಟ್ಟೆ. ಇದಕ್ಕೆ ಎಷ್ಟು ಖರ್ಚು? ನೀವೇ ಲೆಕ್ಕ ಹಾಕಿ.

ಬರೆದಿಡಿ

ಇಷ್ಟು ದಿನ ಅಡುಗೆಯ ಅಳತೆ ನಿಮ್ಮ ಕೈಯಲ್ಲೇ ಇತ್ತು. ನಿಮ್ಮ ತಾಯಿಗೂ ಹಾಗೆಯೇ. "ಒಂದು ಹಿಡಿ, ಒಂದು ಚಿಟಿಕೆ, ಕಣ್ಣಳತೆ" ಅಂತ ಹೇಳಿದರು, ಹೋದರು. ಅವರು ಬರೆದಿಡಲಿಲ್ಲ. ಬರೆಯಲು ಅವರಿಗೆ ಯಾರೂ ಕಲಿಸಿರಲಿಲ್ಲ.

ಈಗ ನೀವು ಅಕ್ಷರ ಕಲಿತಿದ್ದೀರಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮ ಮನೆಯ ಒಂದು ತಿಂಡಿಯ ಅಳತೆಯನ್ನು ನಿಮ್ಮ ಕೈಯಾರೆ ಬರೆಯಿರಿ. ಒತ್ತಕ್ಷರ ತಪ್ಪಿದರೂ ಚಿಂತೆ ಇಲ್ಲ. ಪ್ರತಿ ಕ್ರಿಸ್‌ಮಸ್‌ಗೆ ಒಂದು ಪುಟ ಬರೆಯಿರಿ. ಪುಟದ ಕೆಳಗೆ ವರ್ಷ ಹಾಕಿ. ಆ ವರ್ಷ ಮಗು ಏನು ಮಾಡಿತು ಅಂತ ಒಂದು ಸಾಲು ಸೇರಿಸಿ. ಮಗುವಿನ ಹೆಬ್ಬೆರಳಿಗೆ ಹಿಟ್ಟು ಸವರಿ ಅಲ್ಲೇ ಒಂದು ಗುರುತು ಒತ್ತಿಸಿ.

ಹೆಬ್ಬೆಟ್ಟಿನ ಗುರುತು ಮಗುವಿನದ್ದು. ಅಕ್ಷರ ಅಜ್ಜಿಯದ್ದು. ಎಷ್ಟು ಚೆಂದ ಅಲ್ಲವೇ?

ಓದಿ ಉತ್ತರ ಬರೆಯಿರಿ

1. ಗೋದಲಿ ಅಂದರೇನು?
2. ಮಗುವಿಗೆ ಕೊಡುವ ಕೆಲಸ ಹೇಗಿರಬೇಕು? ಮೂರು ಮಾತು ಬರೆಯಿರಿ.
3. ಕೈ ಸುಟ್ಟರೆ ಮೊದಲು ಏನು ಮಾಡಬೇಕು?
4. ನಿಮ್ಮ ಮನೆಯ ಹಬ್ಬ ಯಾವುದು? ಆ ಹಬ್ಬದಲ್ಲಿ ನಿಮ್ಮ ಮೊಮ್ಮಗುವಿಗೆ ಯಾವ ಕೆಲಸ ಕೊಡುತ್ತೀರಿ? ಎರಡು ಸಾಲು ಬರೆಯಿರಿ.