ಜೂಡೋ ಕಲಿಕೆಯಲ್ಲಿ ಜೊತೆಗಾರನ ಪಾತ್ರ

ಈಜು ಕಲಿಯಲು ನೀರು ಬೇಕು, ಕ್ರಿಕೆಟ್ ಕಲಿಯಲು ಚೆಂಡು ಬೇಕು. ಜೂಡೋ ಕಲಿಯಲು ಬೇಕಾದ ಮುಖ್ಯ ಸಲಕರಣೆ ಯಾವುದು? ಇನ್ನೊಬ್ಬ ಮನುಷ್ಯನ ದೇಹ. ಎದುರಾಳಿಯನ್ನು ಎತ್ತಿ ಕೆಡಹುವ ಪಟ್ಟನ್ನು ಒಬ್ಬರೇ ನಿಂತು ಪೂರ್ತಿಯಾಗಿ ಕಲಿಯಲಾಗದು. ನಿಮ್ಮ ಸಹಪಾಠಿ ತನ್ನ ಕತ್ತು, ಮೊಣಕೈ, ಬೆನ್ನುಗಳನ್ನು ಸ್ವಲ್ಪ ಹೊತ್ತಿನ ಮಟ್ಟಿಗೆ ನಿಮ್ಮ ಕೈಗೆ ಒಪ್ಪಿಸುತ್ತಾನೆ. ಬಳಿಕ ನಿಮ್ಮ ಸರದಿ. ಈ ಕೊಡುಕೊಳ್ಳುವಿಕೆ ಕೆಟ್ಟರೆ ಎಷ್ಟು ದೊಡ್ಡ ಗುರುಗಳಿದ್ದರೂ ಕಲಿಕೆ ಸಾಗದು.

1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ ಕೊಡೊಕಾನ್ ಎಂಬ ಜೂಡೋ ಶಾಲೆಯನ್ನು ಆರಂಭಿಸಿದ ಜಿಗೊರೊ ಕಾನೊ ಅವರು ಶಿಕ್ಷಣತಜ್ಞರು. ಹಳೆಯ ಜುಜುತ್ಸುವಿನಲ್ಲಿದ್ದ ಅಪಾಯಕಾರಿ ಪಟ್ಟುಗಳನ್ನು ಅವರು ಮುಕ್ತ ಅಭ್ಯಾಸದಿಂದ ದೂರವಿರಿಸಿದರು. ‘ಜಿತಾ ಕ್ಯೋಯೆಯಿ’, ಅಂದರೆ ತಾನೂ ಪರರೂ ಕೂಡಿ ಏಳಿಗೆ ಹೊಂದುವುದು, ಎಂಬುದನ್ನು ಜೂಡೋವಿನ ತತ್ತ್ವವಾಗಿ ಸಾರಿದರು. ಪಟ್ಟು ಹಾಕುವವನಿಗೆ ‘ಟೋರಿ’ ಎಂದೂ ಅದಕ್ಕೆ ಒಳಗಾಗುವವನಿಗೆ ‘ಉಕೆ’ ಎಂದೂ ಹೆಸರು. ಉಕೆ ಎಂದರೆ ಸ್ವೀಕರಿಸುವವನು, ಸೋತವನು ಎಂದಲ್ಲ.

ಉಕೆಯ ಕೆಲಸ ಸುಲಭವೆಂದು ನೀವು ಭಾವಿಸಿರಬಹುದು. ಹಾಗೇನಿಲ್ಲ. ಅವನು ಎರಡು ಬಗೆಯಲ್ಲಿ ತಪ್ಪಬಹುದು. ಮೊದಲನೆಯದು, ಮುಂದೆ ಬರಲಿರುವ ಪಟ್ಟು ಯಾವುದೆಂದು ತಿಳಿದಿರುವುದರಿಂದ ಸೊಂಟ ತಗ್ಗಿಸಿ ಕಂಬದಂತೆ ಬಿಗಿಯಾಗಿ ನಿಂತುಬಿಡುವುದು. ಇದು ಶಕ್ತಿಯ ಲಕ್ಷಣವಲ್ಲ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕವನ ಜಾಣತನ. ಎರಡನೆಯದು, ಮುಟ್ಟುವ ಮೊದಲೇ ತಾನಾಗಿ ಹಾರಿ ಬೀಳುವುದು. ನೋಡಲು ಸೌಜನ್ಯದಂತಿದ್ದರೂ ಇದು ಹೆಚ್ಚು ಹಾನಿಕರ. ಏಕೆಂದರೆ ಜೂಡೋ ಪಟ್ಟಿನ ಜೀವಾಳ ‘ಕುಜುಶಿ’, ಎಂದರೆ ಸಮತೋಲ ಕೆಡಿಸುವುದು. ನಿಂತವನ ಗುರುತ್ವಕೇಂದ್ರ ಎರಡು ಪಾದಗಳ ನಡುವಿನ ನೆಲೆಯಿಂದ ಆಚೆ ಸರಿದಾಗ ಮಾತ್ರ ಕಡಿಮೆ ಬಲದಿಂದ ಅವನನ್ನು ಕೆಡಹಲು ಸಾಧ್ಯ. ಉಕೆ ತಾನೇ ಹಾರಿದರೆ ಟೋರಿಗೆ ಆ ಕ್ಷಣದ ಅನುಭವವೇ ಸಿಗುವುದಿಲ್ಲ. ತನಗೆ ಪಟ್ಟು ಬರುತ್ತದೆಂದು ನಂಬಿ ಪಂದ್ಯಕ್ಕೆ ಹೋಗಿ, ಅಲ್ಲಿ ಬೆಪ್ಪಾಗುತ್ತಾನೆ. ಆದ್ದರಿಂದ ಸಹಜವಾಗಿ ನಿಲ್ಲಿ, ಎಳೆದತ್ತ ಚಲಿಸಿ, ನಿಜವಾಗಿ ಆಯ ತಪ್ಪಿದಾಗ ಬೀಳಿ.

ಬೀಳುವುದೂ ಒಂದು ವಿದ್ಯೆ. ಅದಕ್ಕೆ ‘ಉಕೇಮಿ’ ಎನ್ನುತ್ತಾರೆ. ಹಿಂದಕ್ಕೆ ಬೀಳುವಾಗ ಗಲ್ಲವನ್ನು ಎದೆಗೆ ಒತ್ತಿ, ದೃಷ್ಟಿಯನ್ನು ನಿಮ್ಮ ಸೊಂಟಪಟ್ಟಿಯ ಗಂಟಿನ ಮೇಲಿಡಬೇಕು. ತೋಳನ್ನು ಮೈಯಿಂದ ಸ್ವಲ್ಪ ಓರೆಯಾಗಿ ಚಾಚಿ, ಇಡೀ ತೋಳಿನಿಂದ ಚಾಪೆಯನ್ನು ಬಡಿಯಬೇಕು. ಬೀಳುವ ರಭಸವನ್ನು ತಡೆಯಲು ಅಂಗೈ ಊರಿದಿರೋ, ಮಣಿಕಟ್ಟಿಗೋ ಮೊಣಕೈಗೋ ಕೊರಳೆಲುಬಿಗೋ ಅಪಾಯ.

ಆದರೆ ಹೊಣೆ ಬೀಳುವವನೊಬ್ಬನದೇ ಅಲ್ಲ. ಜಪಾನಿನ ಶಾಲೆಗಳಲ್ಲಿ 1983ರಿಂದ 2011ರವರೆಗಿನ ಅವಧಿಯಲ್ಲಿ ಜೂಡೋ ಅಭ್ಯಾಸದ ವೇಳೆ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ತಲೆಯ ಪೆಟ್ಟು ಇದಕ್ಕೆ ಮುಖ್ಯ ಕಾರಣ; ಹೊಸಬರೇ ಹೆಚ್ಚಾಗಿ ಬಲಿಯಾದರು. ಜೂಡೋವಿನ ತವರಿನಲ್ಲೇ ಹೀಗಾಯಿತೆಂಬುದು ಯೋಚಿಸಬೇಕಾದ ವಿಷಯ. ಹೊರಗಿನಿಂದ ಕಾಲು ಹಾಕಿ ಹಿಮ್ಮುಖವಾಗಿ ಕೆಡಹುವ ‘ಓಸೋಟೊ ಗಾರಿ’ಯಂಥ ಪಟ್ಟುಗಳಲ್ಲಿ ಈ ಅಪಾಯ ಹೆಚ್ಚು. ತಲೆ ನೆಲಕ್ಕೆ ಬಡಿಯಲೇಬೇಕೆಂದಿಲ್ಲ. ಜೋರಾಗಿ ಝಾಡಿಸಿದಂತಾದರೂ ಮಿದುಳಿನ ಹೊರಭಾಗದ ರಕ್ತನಾಳ ಹರಿಯಬಹುದು. ಹೀಗಾಗಿ ಕೆಡಹಿದ ಟೋರಿ ಕೊನೆಯವರೆಗೂ ಜೊತೆಗಾರನ ತೋಳನ್ನು ಬಿಡದೆ, ತುಸು ಮೇಲಕ್ಕೆ ಎಳೆದು ಹಿಡಿಯಬೇಕು. ಇದರಿಂದ ತಲೆ ನೆಲಕ್ಕೆ ತಾಗುವುದು ತಪ್ಪುತ್ತದೆ. ಉಕೇಮಿ ಬಾರದವನ ಮೇಲೆ ಪೂರ್ಣ ವೇಗದ ಪಟ್ಟು ಹಾಕಲೇಬಾರದು. ಬಿದ್ದವನಿಗೆ ತಲೆನೋವು, ವಾಂತಿ, ಮಂಕು ಕಂಡರೆ ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಿಸಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ‘ಏನಾಗಿಲ್ಲ, ಏಳು’ ಎಂದು ಹುರಿದುಂಬಿಸುವ ಗೆಳೆಯ ಆಗ ಗೆಳೆಯನಲ್ಲ.

ನೆಲದ ಮೇಲಿನ ಹಿಡಿತಗಳಿಗೆ ಬೇರೆ ಸಂಕೇತವಿದೆ. ತಾಳಲಾರದವನು ಚಾಪೆಯನ್ನೋ ಜೊತೆಗಾರನ ಮೈಯನ್ನೋ ಎರಡು ಬಾರಿ ತಟ್ಟುತ್ತಾನೆ. ಕೈ ಸಿಕ್ಕಿಕೊಂಡಿದ್ದರೆ ‘ಮೈತ್ತಾ’, ಸೋತೆ, ಎನ್ನುತ್ತಾನೆ. ಆ ಕ್ಷಣವೇ ಹಿಡಿತ ಬಿಡಬೇಕು. ಕತ್ತಿನ ಹಿಡಿತದಲ್ಲಿ ಮಿದುಳಿಗೆ ರಕ್ತ ಹರಿಯುವುದು ನಿಂತರೆ ಹತ್ತು ಸೆಕೆಂಡಿನಷ್ಟರಲ್ಲೇ ಪ್ರಜ್ಞೆ ತಪ್ಪಬಹುದು. ಆದ್ದರಿಂದ ತಟ್ಟುವವನೂ ಬಿಂಕದಿಂದ ಕಾಯಬಾರದು.

ಕಡೆಯದಾಗಿ ಒಂದು ಸಣ್ಣ ಸಂಗತಿ. ಅಭ್ಯಾಸಕ್ಕೆ ಬರುವ ಮುನ್ನ ಉಗುರು ಕತ್ತರಿಸಿ, ಉಂಗುರ, ಸರ, ಬಳೆ, ಓಲೆ ತೆಗೆದಿಡಿ. ಒಗೆದ ಅಂಗಿಯನ್ನೇ ತೊಡಿ. ಹುಳುಕಡ್ಡಿಯಂಥ ಚರ್ಮರೋಗವಿದ್ದರೆ ಗುರುಗಳಿಗೆ ತಿಳಿಸಿ, ವಾಸಿಯಾಗುವವರೆಗೆ ಬದಿಯಲ್ಲಿ ಕುಳಿತು ನೋಡಿ.